ದಾಳಿಯ ಮರುದಿನ ಕಡತ ಎಲ್ಲಿರುತ್ತದೆ?

ಭ್ರಷ್ಟಾಚಾರ ನಿಗ್ರಹ ಸಂಸ್ಥೆ ಎಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಬೆಳಗಿನ ಜಾವ ಅಧಿಕಾರಿಯ ಮನೆ ಬಾಗಿಲಲ್ಲಿ ನಿಂತ ಜೀಪುಗಳು, ಮಂಚದ ಮೇಲೆ ಜೋಡಿಸಿಟ್ಟ ನೋಟಿನ ಕಂತೆ, ತಕ್ಕಡಿಯಲ್ಲಿ ಚಿನ್ನ. ಮರುದಿನದ ಮುಖಪುಟಕ್ಕೆ ಅಷ್ಟು ಸಾಕು. ಸಂಸ್ಥೆ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಬೇಕಾದರೆ ಮಾತ್ರ ಆ ಚಿತ್ರದಿಂದ ಏನೂ ಪ್ರಯೋಜನವಿಲ್ಲ. ಅದೇ ಕಡತ ಐದು ವರ್ಷಗಳ ಬಳಿಕ ಯಾರ ಮೇಜಿನ ಮೇಲಿದೆ ಎಂದು ಕೇಳಬೇಕು. ಈ ಉಪನ್ಯಾಸ ಆ ಕಡತದ ಹಿಂದೆಯೇ ಹೋಗುತ್ತದೆ.

ಇಂಥ ಸಂಸ್ಥೆಗಳು ಹುಟ್ಟಿದ್ದೇ ಪೊಲೀಸರ ಮೇಲೆ ನಂಬಿಕೆ ಹೋದಾಗ. ಸಿಂಗಪುರದಲ್ಲಿ 1951ರಲ್ಲಿ ಅಫೀಮು ದರೋಡೆಯೊಂದರಲ್ಲಿ ಪೊಲೀಸರೇ ಭಾಗಿಯಾಗಿದ್ದರು, ತನಿಖೆ ಮಾಡಬೇಕಾದವರೂ ಅದೇ ಇಲಾಖೆಯವರು. ಹೀಗಾಗಿ 1952ರಲ್ಲಿ ಪೊಲೀಸ್ ಇಲಾಖೆಯ ಹೊರಗೆ ಪ್ರತ್ಯೇಕ ತನಿಖಾ ಕಚೇರಿ ಬಂತು. ಹಾಂಗ್ ಕಾಂಗ್‌ನಲ್ಲಿ 1973ರಲ್ಲಿ ಪೀಟರ್ ಗಾಡ್ಬರ್ ಎಂಬ ಹಿರಿಯ ಪೊಲೀಸ್ ಅಧಿಕಾರಿಯ ಬಳಿ 43 ಲಕ್ಷ ಹಾಂಗ್ ಕಾಂಗ್ ಡಾಲರ್‌ಗೂ ಹೆಚ್ಚಿನ ಆಸ್ತಿ ಪತ್ತೆಯಾಯಿತು. ಇಪ್ಪತ್ತು ವರ್ಷಗಳ ಸಂಬಳವನ್ನೆಲ್ಲ ಒಟ್ಟು ಹಾಕಿದರೂ ಅದರ ಸುಮಾರು ಆರರಲ್ಲಿ ಒಂದು ಪಾಲಷ್ಟೇ ಆಗುತ್ತಿತ್ತು. ವಿವರಣೆ ಕೇಳಿದ ಕೆಲವೇ ದಿನಗಳಲ್ಲಿ ಆತ ತನ್ನ ಪೊಲೀಸ್ ಪಾಸ್ ತೋರಿಸಿ ವಿಮಾನ ಹತ್ತಿ ಬ್ರಿಟನ್ ಸೇರಿಕೊಂಡ. ಜನ ಬೀದಿಗಿಳಿದರು. 1974ರ ಫೆಬ್ರವರಿಯಲ್ಲಿ ಅಲ್ಲಿನ ಸ್ವತಂತ್ರ ಆಯೋಗ ಹುಟ್ಟಿತು. ಅದಕ್ಕೆ ಮೂರು ವಿಭಾಗ: ತನಿಖೆ, ತಡೆಗಟ್ಟುವಿಕೆ, ಜನಸಂಪರ್ಕ.

ಮುಂದಿನ ಐವತ್ತು ವರ್ಷಗಳಲ್ಲಿ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಹಲವಾರು ದೇಶಗಳು ಈ ಮಾದರಿಯನ್ನು ನೋಡಿಕೊಂಡೇ ತಮ್ಮ ಸಂಸ್ಥೆ ಕಟ್ಟಿದವು. 2005ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆ, ಸಹಿ ಹಾಕಿ ಅನುಮೋದಿಸಿದ ದೇಶಗಳಿಗೆ ಇಂಥ ವ್ಯವಸ್ಥೆಯನ್ನು ಕಡ್ಡಾಯವೇ ಮಾಡಿತು: 6ನೇ ವಿಧಿ ತಡೆಗಟ್ಟುವ ಸಂಸ್ಥೆಗೆ, 36ನೇ ವಿಧಿ ಕಾನೂನು ಜಾರಿ ಮಾಡುವ ಸಂಸ್ಥೆಗೆ. ನಕಲಾದದ್ದು ಹೆಸರು, ಲಾಂಛನ, ಮೂರು ವಿಭಾಗ. ಹಾಂಗ್ ಕಾಂಗ್ ಆಯೋಗವನ್ನು ನಡೆಸಿದ ಒಳಗಿನ ಯಂತ್ರದ ಹಲವು ಭಾಗಗಳು ಅಲ್ಲೇ ಉಳಿದವು.

ಆ ಭಾಗಗಳಲ್ಲಿ ಎರಡನ್ನು ಹೇಳಲೇಬೇಕು. ತನಿಖೆಯನ್ನು ಕೈಬಿಡುವ ಅಧಿಕಾರ ಅಲ್ಲಿ ಆಯೋಗದ ಮುಖ್ಯಸ್ಥರೊಬ್ಬರ ಕೈಯಲ್ಲಿ ಇಲ್ಲ. ಬಹುಪಾಲು ಹೊರಗಿನ ನಾಗರಿಕರೇ ಇರುವ ಪರಿಶೀಲನಾ ಸಮಿತಿಯ ಮುಂದೆ ಆ ಕಡತ ಬರಬೇಕು. ಲಂಚ ತಡೆಯುವ ಸಂಸ್ಥೆಯೊಳಗೇ ಲಂಚ ಹುಟ್ಟುವ ಜಾಗ ಯಾವುದೆಂದರೆ, ಯಾರ ಮೇಲೆ ಕೇಸು ಹಾಕಬೇಕು ಎನ್ನುವ ತೀರ್ಮಾನಕ್ಕಿಂತ ಹೆಚ್ಚಾಗಿ, ಯಾರದ್ದನ್ನು ಮುಚ್ಚಬೇಕು ಎನ್ನುವ ತೀರ್ಮಾನ. ಅಲ್ಲಿಗೇ ಬೀಗ ಹಾಕಿದ್ದರು. ಎರಡನೆಯದು, ಅಲ್ಲಿನ ಲಂಚ ತಡೆ ಕಾನೂನಿನ 10ನೇ ಸೆಕ್ಷನ್. ಸರ್ಕಾರಿ ನೌಕರ ತನ್ನ ಸಂಬಳಕ್ಕೆ ಹೊಂದದ ಆಸ್ತಿಗೆ ತೃಪ್ತಿಕರ ವಿವರಣೆ ಕೊಡದಿದ್ದರೆ ಅದೇ ಅಪರಾಧ. ತಮಾಷೆಯೆಂದರೆ ಗಾಡ್ಬರ್‌ನನ್ನು ಕರೆತರಲು ಈ ಸೆಕ್ಷನ್ ಉಪಯೋಗಕ್ಕೆ ಬರಲಿಲ್ಲ. ಬ್ರಿಟನ್ನಿನಲ್ಲಿ ಅದು ಅಪರಾಧವಲ್ಲದ್ದರಿಂದ ಗಡೀಪಾರು ಸಾಧ್ಯವಿರಲಿಲ್ಲ. ಕೊನೆಗೆ ಒಂದು ನಿರ್ದಿಷ್ಟ ಲಂಚದ ಆರೋಪಕ್ಕೆ ಸಾಕ್ಷಿ ಹುಡುಕಿ 1975ರ ಜನವರಿಯಲ್ಲಿ ಕರೆತಂದರು, ನಾಲ್ಕು ವರ್ಷ ಶಿಕ್ಷೆಯಾಯಿತು.

ಹಾಂಗ್ ಕಾಂಗ್ ಕಥೆಯನ್ನು ಯಶಸ್ಸಿನ ಕಥೆಯಾಗಿ ಹೇಳುವವರು ಸಾಮಾನ್ಯವಾಗಿ 1977ನ್ನು ಹಾರಿಸಿಬಿಡುತ್ತಾರೆ. ಆ ವರ್ಷದ ಅಕ್ಟೋಬರ್ 28ರಂದು ಪೊಲೀಸರೇ ಗುಂಪುಗೂಡಿ ಆಯೋಗದ ಕಚೇರಿಗೆ ನುಗ್ಗಿದರು. ಕೆಲವೇ ದಿನಗಳಲ್ಲಿ ಗವರ್ನರ್ ಭಾಗಶಃ ಕ್ಷಮಾದಾನ ಘೋಷಿಸಬೇಕಾಯಿತು: ಆ ವರ್ಷದ ಜನವರಿ 1ಕ್ಕೆ ಹಿಂದಿನ, ಇನ್ನೂ ತನಿಖೆಗೆ ಬಾರದ ಅಪರಾಧಗಳನ್ನು ಕೆದಕುವುದಿಲ್ಲ ಎಂದು. ಆಗ ಇದು ಶರಣಾಗತಿ ಎನಿಸಿತು. ನಂತರ ನೋಡಿದರೆ ಹಳೆಯ ಪಾಪದ ಭಯವಿಲ್ಲದ ಪೊಲೀಸ್ ಇಲಾಖೆ ಹೊಸ ನಿಯಮಕ್ಕೆ ಒಗ್ಗಿಕೊಂಡಿತು. ಮೂರು ವರ್ಷದ ಕೂಸಾಗಿದ್ದಾಗಲೇ ಸಾಯಬಹುದಾಗಿದ್ದ ಆಯೋಗ ಬದುಕಿದ್ದು ಈ ರಾಜಿಯಿಂದ. ನಕಲು ಮಾಡಿದವರಿಗೆ ಯಾರೂ ಈ ಪುಟವನ್ನು ಓದಿ ಹೇಳಿದಂತಿಲ್ಲ.

ಈಗ ಕಡತದ ಹಿಂದೆ ಹೋಗೋಣ. ಅದು ಹುಟ್ಟುವುದು ದೂರಿನಿಂದ. ಬರುವ ದೂರುಗಳಲ್ಲಿ ದೊಡ್ಡ ಪಾಲು ಸಂಸ್ಥೆಯ ವ್ಯಾಪ್ತಿಗೇ ಬರುವುದಿಲ್ಲ: ಜಮೀನಿನ ತಕರಾರು, ವರ್ಗಾವಣೆಯ ಅಸಮಾಧಾನ, ಪಿಂಚಣಿ ಬಾಕಿ, ದಾಯಾದಿ ಜಗಳ. ಇವನ್ನು ಬೇರ್ಪಡಿಸಿ ಸಂಬಂಧಪಟ್ಟ ಇಲಾಖೆಗೆ ಕಳಿಸಲು ಪ್ರತ್ಯೇಕ ಸಿಬ್ಬಂದಿ ಇಲ್ಲದಿದ್ದರೆ ತನಿಖಾಧಿಕಾರಿಯ ಅರ್ಧ ದಿನ ಅಂಚೆ ವಿಂಗಡಣೆಯಲ್ಲೇ ಮುಗಿಯುತ್ತದೆ. ದೂರಿಗೆ ಏನಾಯಿತು ಎಂದು ದೂರುದಾರರಿಗೆ ತಿಳಿಸುವ ಪದ್ಧತಿ ಇದೆಯೇ ಎಂಬುದೂ ಮುಖ್ಯ. ಹಾಂಗ್ ಕಾಂಗ್‌ನಲ್ಲಿ ಮೊದಮೊದಲು ಹೆಸರಿಲ್ಲದ ದೂರುಗಳೇ ಹೆಚ್ಚಾಗಿದ್ದವು, ಬರಬರುತ್ತ ಹೆಸರು ಹೇಳಿ ದೂರು ಕೊಡುವವರೇ ಹೆಚ್ಚಾದರು. ಜನರ ನಂಬಿಕೆ ಅಳೆಯಲು ಇದಕ್ಕಿಂತ ಸರಳವಾದ ಅಳತೆಗೋಲು ಸಿಗುವುದು ಕಷ್ಟ.

ಸಣ್ಣ ಲಂಚದ ಪ್ರಕರಣಕ್ಕೆ ಭಾರತದಂಥ ದೇಶಗಳಲ್ಲಿ ಬಳಸುವ ಹತಾರ ಟ್ರ್ಯಾಪ್. ಕ್ರಮ ಹೀಗಿದೆ. ದೂರು ದಾಖಲಾದ ಮೇಲೆ ಇಬ್ಬರು ಸ್ವತಂತ್ರ ಪಂಚರನ್ನು ಕರೆಸುತ್ತಾರೆ. ದೂರುದಾರ ತಂದ ನೋಟುಗಳ ಸಂಖ್ಯೆಯನ್ನು ಮಹಜರಿನಲ್ಲಿ ಬರೆದುಕೊಂಡು, ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರುತ್ತಾರೆ. ಪಂಚರಲ್ಲಿ ಒಬ್ಬರು ನೆರಳಿನಂತೆ ದೂರುದಾರನ ಜೊತೆ ಹೋಗಿ, ಮಾತು ಕಿವಿಗೆ ಬೀಳುವಷ್ಟು ಹತ್ತಿರ ಇರಬೇಕು. ಹಣ ಕೈ ಸೇರಿದ ಸಂಕೇತ ಸಿಕ್ಕ ತಕ್ಷಣ ತಂಡ ಒಳನುಗ್ಗುತ್ತದೆ. ಅಧಿಕಾರಿಯ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿದರೆ ನೋಟು ಮುಟ್ಟಿದ್ದು ಖಚಿತ. ದ್ರಾವಣವನ್ನು ಸೀಸೆಗೆ ಹಾಕಿ, ಮೊಹರು ಮಾಡಿ, ಪಂಚರ ಸಹಿಯೊಂದಿಗೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಇಷ್ಟೆಲ್ಲ ಆದರೂ ಕೇಸು ಬೀಳುವುದು ಎಲ್ಲಿ? ಗುಲಾಬಿ ಬಣ್ಣ ಸ್ಪರ್ಶವನ್ನು ಸಾಬೀತು ಮಾಡುತ್ತದೆ, ಬೇಡಿಕೆಯನ್ನಲ್ಲ. ಸಾಲ ತೀರಿಸಿದ, ಬಲವಂತವಾಗಿ ಜೇಬಿಗೆ ತುರುಕಿದ ಎಂಬ ವಾದ ಸಿದ್ಧವಾಗಿಯೇ ಇರುತ್ತದೆ. ಲಂಚ ಕೇಳಿದ್ದೂ ಪಡೆದದ್ದೂ ಎರಡೂ ಸಾಬೀತಾಗಬೇಕು ಎಂದು ಭಾರತದ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2022ರ ಡಿಸೆಂಬರ್‌ನಲ್ಲಿ ಸಂವಿಧಾನ ಪೀಠ ಒಂದು ಕಿಟಕಿ ತೆರೆಯಿತು: ದೂರುದಾರ ತೀರಿಕೊಂಡರೂ, ಪ್ರತಿಕೂಲ ಸಾಕ್ಷಿಯಾದರೂ, ಬೇರೆ ಸಾಕ್ಷ್ಯ ಮತ್ತು ಸಂದರ್ಭಗಳಿಂದ ಬೇಡಿಕೆಯನ್ನು ಸಾಬೀತು ಮಾಡಬಹುದು. ಆದರೆ ಅದಕ್ಕೆ ಮೊದಲ ದಿನವೇ ಬೇಡಿಕೆಯ ಮಾತನ್ನು ಧ್ವನಿಮುದ್ರಿಸಿ, ಆ ಸಾಧನವನ್ನೂ ಮೊಹರು ಮಾಡಿ, ಧ್ವನಿ ಮಾದರಿ ಹೋಲಿಕೆ ಮಾಡಿಸಿರಬೇಕು. ಟ್ರ್ಯಾಪ್‌ಗೆ ಹೊರಡುವ ಆತುರದಲ್ಲಿ ಬಿಟ್ಟುಹೋಗುವುದು ಇದೇ. ವಿಚಾರಣೆ ಆರು ವರ್ಷ ತಡವಾಗಿ ಶುರುವಾದರೆ ನಿವೃತ್ತ ಪಂಚನಿಗೆ ಅಂದು ಕಿವಿಗೆ ಬಿದ್ದ ಮಾತು ನೆನಪಿರುವುದಿಲ್ಲ. ಖುಲಾಸೆಗೆ ಅಷ್ಟು ಸಾಕು.

ಆದಾಯ ಮೀರಿದ ಆಸ್ತಿಯ ಪ್ರಕರಣ ಇದಕ್ಕಿಂತ ದೊಡ್ಡದು, ಲೆಕ್ಕಪರಿಶೋಧಕರ ಕೆಲಸ. ಒಂದು ಪರಿಶೀಲನಾ ಅವಧಿ ಗೊತ್ತುಮಾಡಿಕೊಳ್ಳಬೇಕು. ಅವಧಿಯ ಕೊನೆಯಲ್ಲಿದ್ದ ಆಸ್ತಿಯಿಂದ ಮೊದಲಿದ್ದ ಆಸ್ತಿಯನ್ನು ಕಳೆದು, ಅವಧಿಯಲ್ಲಿ ಮಾಡಿದ ಖರ್ಚನ್ನು ಕೂಡಿಸಿ, ಗೊತ್ತಿರುವ ಆದಾಯವನ್ನು ಕಳೆಯಬೇಕು. ಉದಾಹರಣೆಗೆ ಹತ್ತು ವರ್ಷಗಳ ಅವಧಿ, ಆರಂಭದಲ್ಲಿ 20 ಲಕ್ಷದ ಆಸ್ತಿ, ಕೊನೆಗೆ 150 ಲಕ್ಷ, ಖರ್ಚು 40 ಲಕ್ಷ, ಆದಾಯ 80 ಲಕ್ಷ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಸಿಗದ ಮೊತ್ತ 90 ಲಕ್ಷ, ಅಂದರೆ ಆದಾಯದ ಶೇ 112.5. ಕೂಡಿ ಕಳೆಯುವುದು ಶಾಲೆಯ ಮಕ್ಕಳೂ ಮಾಡುತ್ತಾರೆ, ಪ್ರತಿ ಅಂಕಿಯ ಹಿಂದೆಯೂ ಜಗಳ ಇರುವುದೇ ಕಷ್ಟ. ಹತ್ತು ವರ್ಷ ಹಿಂದೆ ಕೊಂಡ ನಿವೇಶನಕ್ಕೆ ಇಂದಿನ ಬೆಲೆ ಹಾಕಿದರೆ ಆ ಒಂದು ತಪ್ಪಿನಿಂದಲೇ ಇಡೀ ಪಟ್ಟಿ ಅನುಮಾನಕ್ಕೆ ಬೀಳುತ್ತದೆ. ಮಾವನ ಮನೆಯ ಉಡುಗೊರೆ, ಕೃಷಿ ಆದಾಯ, ಅವಿಭಕ್ತ ಕುಟುಂಬದ ಪಾಲು, ಹೆಂಡತಿಯ ಹೆಸರಿನ ವ್ಯಾಪಾರ ಎಲ್ಲವೂ ಆದಾಯದ ಕಡೆಗೆ ಬಂದು ಕೂರುತ್ತವೆ. ಆದಾಯದ ಶೇ 10ರೊಳಗಿನ ವ್ಯತ್ಯಾಸವನ್ನು ಭಾರತದಲ್ಲಿ ಸುಪ್ರೀಂ ಕೋರ್ಟ್ 1970ರ ದಶಕದಲ್ಲೇ ಮನ್ನಿಸಿದೆ. ದಾಳಿಯ ದಿನ ಸಂಸ್ಥೆ ಪತ್ರಿಕೆಗಳಿಗೆ ಕೊಡುವ ಶೇಕಡಾವಾರು ಅಂಕಿ ದೋಷಾರೋಪ ಪಟ್ಟಿಗೆ ಬರುವಷ್ಟರಲ್ಲಿ ಕರಗಿರುವುದಕ್ಕೆ ಕಾರಣ ಇಷ್ಟೇ. ಯಾವಾಗಲೂ ಯಾರೋ ದುಡ್ಡು ತಿಂದು ಕರಗಿಸಿದರು ಎಂದಲ್ಲ.

ಆಸ್ತಿ ಘೋಷಣೆಯ ಪತ್ರಗಳು ಈ ಕೆಲಸಕ್ಕೆ ಒದಗಬೇಕಿತ್ತು. ಬಹಳ ಕಡೆ ಅವು ಲಕೋಟೆಯಲ್ಲೇ ಇರುತ್ತವೆ, ಯಾರೂ ತೆರೆದು ಭೂದಾಖಲೆಯೊಂದಿಗೆ ತಾಳೆ ನೋಡುವುದಿಲ್ಲ.

ತನಿಖೆ ಮುಗಿಯಿತು ಎನ್ನಿ. ಮುಂದಿನದು ಅನುಮತಿ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಆಡಳಿತದಲ್ಲಿ ಇಷ್ಟು ಸರಿಯಾದ ಉದಾಹರಣೆ ಬೇರೆ ಸಿಗದು. ಭಾರತದ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅಧಿಕಾರಿಯನ್ನು ಹುದ್ದೆಯಿಂದ ತೆಗೆಯುವ ಅಧಿಕಾರ ಇರುವವರು ಮಂಜೂರಾತಿ ಕೊಟ್ಟರೆ ಮಾತ್ರ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಬಹುದು. 2018ರ ತಿದ್ದುಪಡಿ ಸೇರಿಸಿದ 17ಎ ಸೆಕ್ಷನ್ ಇನ್ನೂ ಹಿಂದಕ್ಕೆ ಹೋಗಿ, ಅಧಿಕಾರಿ ಕೈಗೊಂಡ ತೀರ್ಮಾನ ಅಥವಾ ಮಾಡಿದ ಶಿಫಾರಸಿನ ಬಗ್ಗೆ ವಿಚಾರಣೆ ಶುರು ಮಾಡಲೂ ಮುಂಚಿತ ಒಪ್ಪಿಗೆ ಕೇಳುತ್ತದೆ. ಎರಡಕ್ಕೂ ಗಡುವು ಮೂರು ತಿಂಗಳು, ಕಾರಣ ಕೊಟ್ಟು ಇನ್ನೊಂದು ತಿಂಗಳು. ಲಂಚ ಪಡೆಯುವಾಗ ಸ್ಥಳದಲ್ಲೇ ಸಿಕ್ಕಿಬಿದ್ದವರಿಗೆ ಮಾತ್ರ 17ಎ ರಕ್ಷಣೆ ಇಲ್ಲ. ಪರಿಣಾಮ ಗಮನಿಸಿ: ಕೆಲವು ಸಾವಿರ ರೂಪಾಯಿ ಪಡೆದ ಗುಮಾಸ್ತನನ್ನು ಇವತ್ತೇ ಬಂಧಿಸಬಹುದು, ಕೋಟಿಗಟ್ಟಲೆಯ ಟೆಂಡರ್‌ಗೆ ಸಹಿ ಹಾಕಿದವರ ವಿಚಾರಣೆಗೆ ಅನುಮತಿಗಾಗಿ ಕಾಯಬೇಕು. ಪ್ರಾಮಾಣಿಕ ಅಧಿಕಾರಿ ಸುಳ್ಳು ಕೇಸಿನ ಭಯವಿಲ್ಲದೆ ತೀರ್ಮಾನ ಕೈಗೊಳ್ಳಲಿ ಎಂಬ ಸರ್ಕಾರದ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಒಪ್ಪಿಗೆ ಕೊಡುವವರೂ ಅದೇ ಸರ್ಕಾರದವರೇ ಆದಾಗ ಆ ಭಯ ಬೇರೆಯವರ ಪಾಲಾಗುತ್ತದೆ.

ಅನುಮತಿಯ ನಂತರ ಕೇಸು ನಡೆಸುವವರು ಯಾರು? ಕೆನ್ಯಾದಲ್ಲಿ 1997ರಲ್ಲಿ ಸ್ಥಾಪಿಸಿದ ಪ್ರಾಧಿಕಾರವನ್ನು 2000ದ ಡಿಸೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟೇ ಅಸಾಂವಿಧಾನಿಕ ಎಂದಿತು. ಮೊಕದ್ದಮೆ ಹೂಡುವ ಅಧಿಕಾರ ಅಟಾರ್ನಿ ಜನರಲ್‌ಗೆ ಸೇರಿದ್ದು, ಪ್ರಾಧಿಕಾರದ ಮುಖ್ಯಸ್ಥರಾಗಿ ನ್ಯಾಯಾಧೀಶರನ್ನು ಕೂರಿಸಿದ್ದೂ ಸರಿಯಲ್ಲ ಎಂಬುದು ಕಾರಣ. 2003ರಲ್ಲಿ ಬಂದ ಹೊಸ ಆಯೋಗಕ್ಕೂ, 2011ರಲ್ಲಿ ಬಂದ ಈಗಿನ ಆಯೋಗಕ್ಕೂ ತನಿಖೆಯಷ್ಟೇ ಸಿಕ್ಕಿತು. ಸಿಯೆರಾ ಲಿಯೋನ್ ಇದೇ ತೊಡಕನ್ನು ಅನುಭವಿಸಿ 2008ರ ಕಾನೂನಿನಲ್ಲಿ ಮೊಕದ್ದಮೆಯ ಅಧಿಕಾರವನ್ನೂ ಆಯೋಗಕ್ಕೇ ಕೊಟ್ಟಿತು. ಹಾಂಗ್ ಕಾಂಗ್‌ನಲ್ಲಿ ಎರಡೂ ಬೇರೆ ಬೇರೆಯಾಗಿದ್ದೂ ಕೆಲಸ ನಡೆದಿದೆ. ಹಾಗಾಗಿ ಇಲ್ಲಿ ಒಂದೇ ಸರಿಯುತ್ತರ ಇದೆ ಎಂದು ವಾದಿಸುವುದು ವ್ಯರ್ಥ. ಸರ್ಕಾರದ ಪರ ಕೇಸು ನಡೆಸುವ ಅಭಿಯೋಜಕರನ್ನು ನೇಮಿಸುವವರು ಆರೋಪಿಯ ಪಕ್ಷದವರೇ ಎಂಬುದು ಅಸಲು ಪ್ರಶ್ನೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಯಂತ್ರದ ಸವಕಳಿ. ಸಂಸ್ಥೆಗಳು ಸಾಯುವುದು ಸವೆದು ಅಲ್ಲ, ಚೆನ್ನಾಗಿ ಕೆಲಸ ಮಾಡಿದಾಗ. ಈ ಮಾತು ವಿಚಿತ್ರ ಎನಿಸಿದರೆ ಇಂಡೊನೇಷ್ಯಾ ನೋಡಿ.

ಅಲ್ಲಿನ ನಿರ್ಮೂಲನಾ ಆಯೋಗ, ಕೆಪಿಕೆ, 2002ರ ಕಾನೂನಿನಿಂದ ಬಂತು. ತನಿಖೆ ಮತ್ತು ಮೊಕದ್ದಮೆ ಎರಡೂ ಅದರದ್ದೇ. ಫೋನ್ ಕದ್ದಾಲಿಕೆಗೆ ನ್ಯಾಯಾಲಯದ ಅನುಮತಿ ಬೇಕಿರಲಿಲ್ಲ. ಪ್ರಕರಣಗಳು ಹೋಗುತ್ತಿದ್ದುದು ವಿಶೇಷ ನ್ಯಾಯಾಲಯಕ್ಕೆ. ಒಮ್ಮೆ ಔಪಚಾರಿಕ ತನಿಖೆ ಶುರುಮಾಡಿದರೆ ಕೈಬಿಡುವ ಅಧಿಕಾರವೇ ಇಲ್ಲ ಎಂಬುದು ಎಲ್ಲಕ್ಕಿಂತ ವಿಶೇಷ. ಕೈಬಿಡಲಾಗದು ಎಂದ ಮೇಲೆ ಸಾಕ್ಷ್ಯ ಗಟ್ಟಿಯಾಗುವವರೆಗೆ ಶುರುವೇ ಮಾಡುತ್ತಿರಲಿಲ್ಲ. ಮೊದಲ ವರ್ಷಗಳಲ್ಲಿ ಹೂಡಿದ ಕೇಸುಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಶಿಕ್ಷೆಯಾಗಿದ್ದರ ಗುಟ್ಟು ಇದು. 2009ರಲ್ಲಿ ಅಧ್ಯಕ್ಷರ ಬೀಗರೇ ಆಗಿದ್ದ ಕೇಂದ್ರ ಬ್ಯಾಂಕಿನ ಮಾಜಿ ಉಪ ಗವರ್ನರ್‌ಗೂ ಶಿಕ್ಷೆಯಾಯಿತು.

ಪ್ರತಿಯೇಟು ಆ ವರ್ಷದಿಂದಲೇ ಶುರುವಾಯಿತು. ಪೊಲೀಸರು ಆಯೋಗದ ಇಬ್ಬರು ಆಯುಕ್ತರ ಮೇಲೆ ಕೇಸು ಹಾಕಿದರು. ಹಲ್ಲಿ ಮತ್ತು ಮೊಸಳೆಯ ಜಗಳ ಎಂದು ಅಲ್ಲಿನ ಜನ ಕರೆದದ್ದು ಇದನ್ನೇ: ಆಯೋಗ ಹಲ್ಲಿ, ಪೊಲೀಸರು ಮೊಸಳೆ. 2012ರಲ್ಲಿ ಸಂಸತ್ತು ಹೊಸ ಕಟ್ಟಡಕ್ಕೆ ಹಣ ತಡೆಹಿಡಿದಾಗ ಜನರೇ ನಾಣ್ಯ ಕೂಡಿಸಿದರು. 2017ರ ಏಪ್ರಿಲ್‌ನಲ್ಲಿ ಹಿರಿಯ ತನಿಖಾಧಿಕಾರಿ ನೊವೆಲ್ ಬಸ್ವೆದಾನ್ ಮುಖಕ್ಕೆ ಆಸಿಡ್ ಎರಚಿದರು. ಅಪರಾಧಿಗಳೆಂದು ಸಾಬೀತಾದ ಇಬ್ಬರೂ ಪೊಲೀಸರು, ಶಿಕ್ಷೆ ಎರಡು ವರ್ಷ ಮತ್ತು ಒಂದೂವರೆ ವರ್ಷ. 2018ರಲ್ಲಿ ಗುರುತಿನ ಚೀಟಿ ಯೋಜನೆಯ ಹಗರಣದಲ್ಲಿ ಸಂಸತ್ತಿನ ಮಾಜಿ ಸ್ಪೀಕರ್ ಸೆತ್ಯಾ ನೊವಾಂತೊಗೆ 15 ವರ್ಷ ಜೈಲಾಯಿತು. ಮರುವರ್ಷ, 2019ರ ಸೆಪ್ಟೆಂಬರ್‌ನಲ್ಲಿ, ಸಂಸತ್ತು ಕಾನೂನನ್ನೇ ತಿದ್ದಿತು. ಸಿಬ್ಬಂದಿ ಸಾಮಾನ್ಯ ಸರ್ಕಾರಿ ನೌಕರರಾದರು, ಮೇಲೊಂದು ಉಸ್ತುವಾರಿ ಮಂಡಳಿ ಬಂತು, ತನಿಖೆ ಕೈಬಿಡುವ ಅಧಿಕಾರ ಸೇರಿತು. ನೌಕರರಾಗಿ ಬದಲಾಗಲು ರಾಷ್ಟ್ರನಿಷ್ಠೆಯ ಪರೀಕ್ಷೆ ಬರೆಯಬೇಕಾಯಿತು. ಅದರಲ್ಲಿ ಫೇಲಾದವರೆಂದು 2021ರಲ್ಲಿ ಹೊರಬಿದ್ದ 57 ಮಂದಿಯಲ್ಲಿ ನೊವೆಲ್ ಕೂಡ ಒಬ್ಬರು! 2023ರ ನವೆಂಬರ್‌ನಲ್ಲಿ ಸುಲಿಗೆಯ ಆರೋಪದಲ್ಲಿ ಆಯೋಗದ ಅಧ್ಯಕ್ಷರನ್ನೇ ಪೊಲೀಸರು ಶಂಕಿತ ಎಂದು ಹೆಸರಿಸಿದರು. ಕಟ್ಟಡ, ಹೆಸರು, ಲಾಂಛನ ಎಲ್ಲ ಹಾಗೇ ಇವೆ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ಸೂಚ್ಯಂಕದಲ್ಲಿ (ಅಂಕ ಹೆಚ್ಚಿದಷ್ಟೂ ಭ್ರಷ್ಟಾಚಾರ ಕಡಿಮೆ ಎಂದರ್ಥ) 2019ರಲ್ಲಿ 100ಕ್ಕೆ 40 ಇದ್ದ ಇಂಡೊನೇಷ್ಯಾದ ಅಂಕ 2022ರಲ್ಲಿ 34ಕ್ಕೆ ಇಳಿಯಿತು.

ನೈಜೀರಿಯಾದಲ್ಲಿ ಕಾನೂನನ್ನು ಮುಟ್ಟಬೇಕಾಗಲಿಲ್ಲ, ಒಬ್ಬರನ್ನು ತರಬೇತಿಗೆ ಕಳಿಸಿದರೆ ಸಾಕಾಯಿತು. ಆರ್ಥಿಕ ಅಪರಾಧ ಆಯೋಗದ ಮೊದಲ ಮುಖ್ಯಸ್ಥ ನುಹು ರಿಬಾಡು 2007ರ ಡಿಸೆಂಬರ್‌ನಲ್ಲಿ ಡೆಲ್ಟಾ ರಾಜ್ಯದ ಮಾಜಿ ಗವರ್ನರ್ ಜೇಮ್ಸ್ ಇಬೋರಿಯನ್ನು ಬಂಧಿಸಿದರು. ಗವರ್ನರ್ ಆಗಿದ್ದಷ್ಟು ದಿನ ಸಂವಿಧಾನದ 308ನೇ ಸೆಕ್ಷನ್ ರಕ್ಷಣೆ ಇತ್ತು, ಹಾಗಾಗಿ ಅವಧಿ ಮುಗಿಯುವವರೆಗೆ ಕಾಯಲೇಬೇಕಿತ್ತು. ಬಂಧನವಾಗಿ ಎರಡು ವಾರಗಳಲ್ಲಿ ರಿಬಾಡು ಅವರಿಗೆ ಒಂದು ವರ್ಷದ ತರಬೇತಿಗೆ ಹೋಗಲು ಆದೇಶ ಬಂತು. 2009ರ ಡಿಸೆಂಬರ್‌ನಲ್ಲಿ ಇಬೋರಿಯ ಊರಿನ ಕಡೆಯ ನ್ಯಾಯಾಲಯ 170 ಆರೋಪಗಳನ್ನೂ ರದ್ದು ಮಾಡಿತು. ಅದೇ ವ್ಯಕ್ತಿ 2012ರಲ್ಲಿ ಲಂಡನ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 13 ವರ್ಷ ಶಿಕ್ಷೆ ಪಡೆದರು. ಸಾಕ್ಷ್ಯ ಇರಲಿಲ್ಲ ಎಂದು ಹೇಳಲು ಇನ್ನು ಯಾರಿಗೂ ಬಾಯಿ ಬರುವಂತಿಲ್ಲ.

ದಕ್ಷಿಣ ಆಫ್ರಿಕಾದ ಸ್ಕಾರ್ಪಿಯನ್ಸ್ ಘಟಕ ತನಿಖಾಧಿಕಾರಿ, ಅಭಿಯೋಜಕ, ವಿಶ್ಲೇಷಕ ಮೂವರನ್ನೂ ಒಂದೇ ತಂಡದಲ್ಲಿ ಕೂರಿಸಿತ್ತು. ರಾಷ್ಟ್ರೀಯ ಪೊಲೀಸ್ ಮುಖ್ಯಸ್ಥರ ಮೇಲೂ, ಅಧ್ಯಕ್ಷ ಪದವಿಯ ಹೊಸ್ತಿಲಲ್ಲಿದ್ದ ನಾಯಕರ ಮೇಲೂ ಕೈ ಹಾಕಿತು. 2007ರ ಡಿಸೆಂಬರ್‌ನಲ್ಲಿ ಆಳುವ ಪಕ್ಷ ಅದನ್ನು ವಿಸರ್ಜಿಸುವ ನಿರ್ಣಯ ಮಾಡಿತು, 2009ರ ಆರಂಭಕ್ಕೆ ಕಾನೂನು ಬಂತು. ಬದಲಿಗೆ ಪೊಲೀಸರೊಳಗೆ ಸ್ಥಾಪಿಸಿದ ಹಾಕ್ಸ್ ಘಟಕಕ್ಕೆ ಸಾಕಷ್ಟು ಸ್ವಾತಂತ್ರ್ಯ ಇಲ್ಲ ಎಂದು 2011ರ ಮಾರ್ಚ್‌ನಲ್ಲಿ ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತು. ಸಾಮಾನ್ಯ ಬಹುಮತದ ಕಾನೂನಿನಿಂದ ಹುಟ್ಟಿದ ಸಂಸ್ಥೆಯನ್ನು ಅದೇ ಬಹುಮತ ಮುಗಿಸಬಹುದು ಎನ್ನಲು ಇಷ್ಟು ಸಾಕು.

ಹೊರಗಿನವರನ್ನು ತಂದರೆ? ಗ್ವಾಟೆಮಾಲಾ ಅದನ್ನೂ ಮಾಡಿ ನೋಡಿತು. ವಿಶ್ವಸಂಸ್ಥೆಯ ಬೆಂಬಲದ ಆಯೋಗ 2007ರಿಂದ ಅಲ್ಲಿನ ಅಭಿಯೋಜಕರ ಜೊತೆ ಕೂತು ಕೆಲಸ ಮಾಡಿತು. 2015ರಲ್ಲಿ ಸೀಮಾ ಸುಂಕದ ಹಗರಣ ಬಯಲಾಗಿ ಮೊದಲು ಉಪಾಧ್ಯಕ್ಷೆ, ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರೇ ರಾಜೀನಾಮೆ ಕೊಟ್ಟರು. ಮುಂದಿನ ಅಧ್ಯಕ್ಷರ ಸುತ್ತಲೂ ತನಿಖೆ ಬಂದಾಗ ಆಯೋಗದ ಮುಖ್ಯಸ್ಥರಿಗೆ ದೇಶ ಪ್ರವೇಶವನ್ನೇ ನಿಷೇಧಿಸಿದರು. 2019ರ ಸೆಪ್ಟೆಂಬರ್‌ನಲ್ಲಿ ಅವಧಿ ನವೀಕರಣವಾಗದೆ ಬಾಗಿಲು ಮುಚ್ಚಿತು. ವಿದೇಶಿಯರು ವಿಮಾನ ಹತ್ತಿದರು. ಅವರ ಜೊತೆ ಕೆಲಸ ಮಾಡಿದ ಸ್ಥಳೀಯ ಅಭಿಯೋಜಕರು, ನ್ಯಾಯಾಧೀಶರಲ್ಲಿ ಹಲವರು ದೇಶಭ್ರಷ್ಟರಾಗಿ ಬದುಕಬೇಕಾಯಿತು.

ಕರ್ನಾಟಕದ ಉದಾಹರಣೆಯೂ ಈ ಸಾಲಿಗೇ ಸೇರುತ್ತದೆ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ಬೆನ್ನಲ್ಲೇ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. 2015ರಲ್ಲಿ ಲೋಕಾಯುಕ್ತ ಕಚೇರಿಯ ಮೇಲೇ ಸುಲಿಗೆಯ ಆರೋಪ ಬಂತು. 2016ರ ಮಾರ್ಚ್‌ನಲ್ಲಿ ಬೇರೆ ಪಕ್ಷದ ಸರ್ಕಾರ ಒಂದು ಆಡಳಿತಾತ್ಮಕ ಆದೇಶದ ಮೂಲಕ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ರಚಿಸಿ, ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಅದಕ್ಕೆ ವರ್ಗಾಯಿಸಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ಆದೇಶ ರದ್ದು ಮಾಡಿ ಅಧಿಕಾರ ಮರಳಿಸುವವರೆಗೆ ಆರು ವರ್ಷ ಕಳೆದಿತ್ತು. ಶಾಸನದಿಂದ ಬಂದ ಸಂಸ್ಥೆಯ ಹಲ್ಲು ಕೀಳಲು ಶಾಸನವೇ ಬೇಕಿಲ್ಲ, ಒಂದು ಆದೇಶ ಸಾಕು. ಯಾವ ಪಕ್ಷ ಎಂಬುದು ಇಲ್ಲಿ ಗೌಣ.

ಇದೆಲ್ಲದರಿಂದ ಒಂದು ಕೆಲಸಕ್ಕೆ ಬರುವ ಪಟ್ಟಿ ಸಿಗುತ್ತದೆ. ಯಾವುದೇ ದೇಶದ ಸಂಸ್ಥೆಯ ಬಗ್ಗೆ ಮೊದಲು ಅದರ ಅಧಿಕಾರಗಳ ಪಟ್ಟಿ ಓದಬೇಡಿ, ಅದನ್ನು ಆರಿಸುವ ಸ್ವಿಚ್ಚುಗಳು ಎಷ್ಟಿವೆ ಎಂದು ಎಣಿಸಿ. ಮುಖ್ಯಸ್ಥರನ್ನು ತೆಗೆಯುವುದು ಹೇಗೆ? ಸಾಬೀತಾದ ದುರ್ನಡತೆಯ ಮೇಲೋ, ಒಂದು ವರ್ಗಾವಣೆ ಪತ್ರದಿಂದಲೋ? ತನಿಖಾಧಿಕಾರಿಗಳು ಸಂಸ್ಥೆಯ ಕಾಯಂ ನೌಕರರೋ, ಪೊಲೀಸ್ ಇಲಾಖೆಯಿಂದ ಎರವಲು ಬಂದವರೋ? ಎರಡು ವರ್ಷಕ್ಕೆ ಮಾತೃ ಇಲಾಖೆಗೆ ಮರಳಿ, ಬಡ್ತಿಗಾಗಿ ಅದೇ ಹಿರಿಯರ ಮುಂದೆ ನಿಲ್ಲಬೇಕಾದವರು ಆ ಹಿರಿಯರ ಮನೆ ಬಾಗಿಲು ತಟ್ಟುವುದಿಲ್ಲ. ಹಣ ವರ್ಷದ ಆರಂಭದಲ್ಲಿ ಒಟ್ಟಿಗೆ ಬಿಡುಗಡೆಯಾಗುತ್ತದೆಯೋ, ಹಣಕಾಸು ಇಲಾಖೆ ಕಂತು ಕಂತಾಗಿ ಕೊಡುತ್ತದೆಯೋ? ಮುಖ್ಯಸ್ಥರ ಹುದ್ದೆ ಖಾಲಿಯಾದರೆ ಎಷ್ಟು ದಿನದೊಳಗೆ ತುಂಬಬೇಕೆಂದು ಕಾನೂನು ಹೇಳುತ್ತದೆಯೇ? ಭಾರತದ ಲೋಕಪಾಲ ಕಾಯ್ದೆ 2014ರ ಜನವರಿಯಲ್ಲೇ ಜಾರಿಗೆ ಬಂದರೂ ಮೊದಲ ಲೋಕಪಾಲರ ನೇಮಕವಾದದ್ದು 2019ರ ಮಾರ್ಚ್‌ನಲ್ಲಿ. ಖಾಲಿ ಕುರ್ಚಿಯೂ ಒಂದು ಸ್ವಿಚ್ಚು. ಸಂಸ್ಥೆಗಳ ಸ್ವಾತಂತ್ರ್ಯ ಕುರಿತು 2012ರಲ್ಲಿ ಜಕಾರ್ತದಲ್ಲಿ ಒಪ್ಪಿದ 16 ತತ್ವಗಳಲ್ಲಿ ಈ ಬಗೆಯ ಪ್ರಶ್ನೆಗಳು ಬಹುತೇಕ ಇವೆ. ಏಳು ವರ್ಷ ಕಳೆದು ಅದೇ ಜಕಾರ್ತದಲ್ಲಿ ಏನಾಯಿತೆಂದು ಆಗಲೇ ಕಂಡೆವು.

ಅಂಕಿ ಅಂಶ ಓದುವಾಗಲೂ ಎಚ್ಚರ ಬೇಕು. ಶಿಕ್ಷೆಯ ಪ್ರಮಾಣ ಶೇ 90 ಎಂದರೆ ಸುಲಭದ ಕೇಸುಗಳನ್ನೇ ಆರಿಸಿಕೊಂಡಿರಬಹುದು. ದೂರುಗಳು ಏರಿದರೆ ಭ್ರಷ್ಟಾಚಾರ ಹೆಚ್ಚಿರಬಹುದು, ನಂಬಿಕೆ ಹೆಚ್ಚಿರಲೂಬಹುದು. ಟ್ರಾನ್ಸ್‌ಪರೆನ್ಸಿಯ ಅಂಕ ಅಳೆಯುವುದು ತಜ್ಞರ ಮತ್ತು ಉದ್ಯಮಿಗಳ ಅನಿಸಿಕೆಯನ್ನು. ದೊಡ್ಡ ಹಗರಣವೊಂದು ಬಯಲಾದ ವರ್ಷ, ಅಂದರೆ ಸಂಸ್ಥೆ ನಿಜಕ್ಕೂ ಕೆಲಸ ಮಾಡಿದ ವರ್ಷವೇ, ಅದು ಇಳಿಯಬಹುದು. ವಾರ್ಷಿಕ ವರದಿಯಲ್ಲಿ ನೋಡಬೇಕಾದ ಅಂಕಿಗಳು ಬೇರೆ: ದೂರಿನಿಂದ ದೋಷಾರೋಪ ಪಟ್ಟಿಗೆ ಹಿಡಿದ ಸರಾಸರಿ ದಿನಗಳು, ಮಂಜೂರಾತಿಗೆ ಕಾಯುತ್ತಿರುವ ಕಡತಗಳು, ಆರೋಪಿಗಳ ಹುದ್ದೆಯ ದರ್ಜೆ, ಮೇಲ್ಮನವಿಯಲ್ಲಿ ಉಳಿದ ಶಿಕ್ಷೆಗಳು, ವಾಸ್ತವವಾಗಿ ಬೊಕ್ಕಸಕ್ಕೆ ಮರಳಿದ ಹಣ. ಕೊನೆಯದ್ದು ಸಾಮಾನ್ಯವಾಗಿ ನಿರಾಶೆ ತರುತ್ತದೆ. ಇಬೋರಿಗೆ ಸಂಬಂಧಿಸಿದ 42 ಲಕ್ಷ ಪೌಂಡ್ ಮರಳಿಸಲು ಬ್ರಿಟನ್ ಒಪ್ಪಿದ್ದು 2021ರಲ್ಲಿ, ಶಿಕ್ಷೆಯಾಗಿ ಒಂಬತ್ತು ವರ್ಷಗಳ ಬಳಿಕ.

ಹಾಗಾದರೆ ಸ್ವಿಚ್ಚು ಒತ್ತುವವರ ಕೈ ಹಿಡಿಯುವವರು ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಕೆಲವೊಮ್ಮೆ ಚುನಾವಣೆ. ಮಲೇಷ್ಯಾದಲ್ಲಿ 1ಎಂಡಿಬಿ ಎಂಬ ಸರ್ಕಾರಿ ಹೂಡಿಕೆ ನಿಧಿಯ ತನಿಖೆಯ ನಡುವೆಯೇ 2015ರಲ್ಲಿ ಅಟಾರ್ನಿ ಜನರಲ್‌ರನ್ನು ಬದಲಿಸಿ, 2016ರ ಜನವರಿಯಲ್ಲಿ ಕಡತ ಮುಚ್ಚಿದರು. 2018ರಲ್ಲಿ ಸರ್ಕಾರ ಬಿದ್ದ ಮೇಲೆ ಅದೇ ಕಡತ ತೆರೆದು, 2020ರಲ್ಲಿ ಮಾಜಿ ಪ್ರಧಾನಿ ನಜೀಬ್‌ಗೆ 12 ವರ್ಷ ಶಿಕ್ಷೆಯಾಯಿತು, 2024ರಲ್ಲಿ ಕ್ಷಮಾದಾನ ಮಂಡಳಿ ಅದನ್ನು ಅರ್ಧಕ್ಕಿಳಿಸಿತು. ಕೆಲವೊಮ್ಮೆ ಬೀದಿ ಮತ್ತು ಹೊರಗಿನ ಹಣ ಎರಡೂ ಒಟ್ಟಿಗೆ. ಉಕ್ರೇನ್ ಸಂಸತ್ತು 2025ರ ಜುಲೈ 22ರಂದು ತನ್ನ ಭ್ರಷ್ಟಾಚಾರ ವಿರೋಧಿ ಬ್ಯೂರೊ ಮತ್ತು ವಿಶೇಷ ಅಭಿಯೋಜಕರನ್ನು ಪ್ರಾಸಿಕ್ಯೂಟರ್ ಜನರಲ್ ಅಧೀನಕ್ಕೆ ತರುವ ಮಸೂದೆಯನ್ನು ಅಂಗೀಕರಿಸಿತು, ಅಧ್ಯಕ್ಷರು ಅದೇ ದಿನ ಸಹಿ ಹಾಕಿದರು. ಯುದ್ಧದ ನಡುವೆಯೂ ಜನ ಬೀದಿಗೆ ಬಂದರು, ಯುರೋಪಿಯನ್ ಒಕ್ಕೂಟ ನೆರವಿನ ಪ್ರಶ್ನೆ ಎತ್ತಿತು. ಜುಲೈ 31ರಂದು ಅದೇ ಸಂಸತ್ತು ಅಧಿಕಾರಗಳನ್ನು ಮರಳಿಸುವ ಇನ್ನೊಂದು ಮಸೂದೆಗೆ 331 ಮತ ಹಾಕಿತು.